ಅತ್ತೆಯ ರಾಗಿಯನ್ನು ಹಸಿ ಎಂದ ದಿನ

ಕಡೂರಿನ ಹೊರಗಿದ್ದ ಒಂದು ಧಾನ್ಯದ ಗೋಡೌನಿನಲ್ಲಿ ನಾನು ಮೂರು ವರ್ಷ ತೇವ ನೋಡುವ ಕೆಲಸ ಮಾಡಿದೆ. ರೈತರು ತಂದ ಚೀಲದಿಂದ ಒಂದು ಹಿಡಿ ಕಾಳು ತೆಗೆದು ಮಿಶಿನ್ನಿನ ಬಟ್ಟಲಿಗೆ ಸುರಿದು ಗುಂಡಿ ಒತ್ತಬೇಕು. ರಾಗಿಯಲ್ಲಿ ತೇವ ನೂರಕ್ಕೆ ಹನ್ನೆರಡರೊಳಗೆ ಬಂದರೆ ತೂಕಕ್ಕೆ, ದಾಟಿದರೆ ವಾಪಸ್. ತರೀಕೆರೆಯಲ್ಲಿ ಬಿಎಸ್ಸಿ ಮುಗಿಸಿ ಸುಮ್ಮನೆ ಕೂತಿದ್ದವಳಿಗೆ ಸಿಕ್ಕ ಕೆಲಸ. ಅಪ್ಪನ ವಯಸ್ಸಿನವರೆಲ್ಲ ಮುಂದೆ ನಿಂತು ‘ಮೇಡಂ’ ಅನ್ನುತ್ತಿದ್ದರು. ನನಗೆ ಅದು ಹಿತವಾಗಿತ್ತು, ಸುಳ್ಳು ಯಾಕೆ ಹೇಳಲಿ.

ಎರಡನೆಯ ವರ್ಷ ಒಂದು ಬೆಳಿಗ್ಗೆ ನನ್ನ ಸೋದರತ್ತೆ ಪಂಚನಹಳ್ಳಿಯಿಂದ ಗೂಡ್ಸ್ ಆಟೋದಲ್ಲಿ ಹನ್ನೆರಡು ಚೀಲ ರಾಗಿ ಹಾಕಿಕೊಂಡು ಬಂದಳು. ಅಪ್ಪನ ಅಕ್ಕ ಅವಳು. ಹೈಸ್ಕೂಲಿನ ಮೂರು ವರ್ಷ ನಾನು ಇದ್ದದ್ದು ಅವಳ ಮನೆಯಲ್ಲೇ. ಆದರೂ ಅವಳು ನನ್ನನ್ನು ಕೂಗಲಿಲ್ಲ, ಎಲ್ಲರ ಹಿಂದೆ ಸರದಿಯಲ್ಲಿ ನಿಂತಳು.

ಅವಳ ರಾಗಿಗೆ ಮಿಶಿನ್ನು ಹದಿನಾಲ್ಕೂವರೆ ತೋರಿಸಿತು. ಇನ್ನೊಂದು ಚೀಲದಿಂದ ತೆಗೆದೆ. ಅದೂ ಅಷ್ಟೇ.

“ಹಸಿ ಐತೆ ಅತ್ತೆ,” ಅಂದೆ.

“ಹಸಿನಾ? ಎಂಟು ದಿನ ಬಿಸಿಲಿಗೆ ಹಾಕಿದೀನಿ ಕಣೇ. ತಗ, ಹಲ್ಲಿಗಿಟ್ಟು ನೋಡು,” ಅಂತ ಅಂಗೈಯಲ್ಲಿ ನಾಲ್ಕು ಕಾಳು ಹಿಡಿದು ಕೈ ಚಾಚಿದಳು.

ಒಣಗಿದ ಕಾಳು ಹಲ್ಲಿಗೆ ಸಿಕ್ಕರೆ ಟಕ್ಕೆನ್ನುತ್ತದೆ, ಹಸಿಯಿದ್ದರೆ ಮೆತ್ತಗೆ ನಜ್ಜಾಗುತ್ತದೆ. ಅದನ್ನು ನನಗೆ ಕಲಿಸಿದವಳೇ ಅವಳು. ಆದರೆ ಹಿಂದೆ ಸರದಿಯವರೂ ಮೂಟೆ ಹೊರುವವರೂ ನೋಡುತ್ತಿದ್ದರು. ಸ್ವಂತದವಳು ಅಂತ ಬಿಟ್ಟಳು ಅಂದಾರು ಎಂಬ ಭಯ ನನಗೆ.

“ಹಲ್ಲಿನ ಲೆಕ್ಕ ಎಲ್ಲ ಇಲ್ಲಿ ನಡಿಯಲ್ಲ. ತಗಂಡೋಗಿ ಇನ್ನೆರಡು ದಿನ ಒಣಗ್ಸು.”

ಸರದಿಯಲ್ಲಿ ಯಾರೋ ನಕ್ಕರು. ಅತ್ತೆ ಆ ನಾಲ್ಕು ಕಾಳನ್ನು ಚೀಲಕ್ಕೇ ಹಾಕಿ, ಬಾಯಿ ಕಟ್ಟಿ, ಆಟೋದವನಿಗೆ ತಿರುಗಿಸು ಅಂದಳು.

ಮಧ್ಯಾಹ್ನದ ಹೊತ್ತಿಗೆ ಅತ್ತೆಯಲ್ಲದೆ ಐದು ಜನರನ್ನು ವಾಪಸ್ ಕಳಿಸಿದ್ದೆ. ಮೂಟೆ ಹೊರುವ ಹಿರಿಯರೊಬ್ಬರು, “ಇದೇನವ್ವ, ಇವತ್ತು ಎಲ್ಲಾರ್ ರಾಗಿನೂ ಹಸಿನಾ?” ಅಂದರು. ಆಗ ಮಿಶಿನ್ನನ್ನು ಸರಿಯಾಗಿ ನೋಡಿದೆ. ಅದರಲ್ಲಿ ಒಂದೊಂದು ಧಾನ್ಯಕ್ಕೆ ಒಂದೊಂದು ನಂಬರ್, ಅದು ತಪ್ಪಿದರೆ ತೇವದ ಲೆಕ್ಕವೂ ತಪ್ಪು. ಹಿಂದಿನ ಸಂಜೆ ಮೆಕ್ಕೆಜೋಳ ನೋಡಿದವಳು ನಾನೇ, ಬೆಳಿಗ್ಗೆ ಅದನ್ನು ರಾಗಿಗೆ ಬದಲಾಯಿಸದವಳೂ ನಾನೇ. ಅತ್ತೆಯ ಎರಡನೆಯ ಚೀಲದಿಂದ ತೆಗೆದ ರಾಗಿ ಪಕ್ಕದ ತಟ್ಟೆಯಲ್ಲಿ ಬೇರೆಯಾಗಿಯೇ ಒಂದು ಹಿಡಿ ಉಳಿದಿತ್ತು. ನಂಬರ್ ಸರಿಮಾಡಿ ಅದನ್ನು ಮತ್ತೆ ಸುರಿದೆ. ಹನ್ನೊಂದು ಬಂತು.

ಮಾಲೀಕರಿಗೆ ಹೇಳಿದೆ. “ಆಗಿದ್ದು ಆಗೋಯ್ತು, ಸುಮ್ನಿರಮ್ಮ. ಬಾಯಿ ಬಿಟ್ರೆ ನಾಳೆಯಿಂದ ಯಾರೂ ನಮ್ಮನ್ನ ನಂಬಲ್ಲ,” ಅಂದರು. ಅವರೇ ನನ್ನ ಬಾಯಿ ಕಟ್ಟಿದರು ಅಂತ ಎಷ್ಟೋ ದಿನ ನನಗೆ ನಾನೇ ಹೇಳಿಕೊಂಡೆ. ನಿಜವೆಂದರೆ ಅವರು ಹಾಗೆ ಅಂದಾಗ ನನಗೆ ಸಮಾಧಾನವಾಗಿತ್ತು.

ಮೂರನೆಯ ದಿನ ಅಕಾಲದ ಮಳೆ ಬಂತು. ಭಾನುವಾರ ಬಸ್ಸು ಹತ್ತಿ ಪಂಚನಹಳ್ಳಿಗೆ ಹೋದೆ. ಅಂಗಳಕ್ಕೆ ಕಾಲಿಡುವಾಗಲೇ ಹುಳಿ ವಾಸನೆ. ರಸ್ತೆ ಬದಿ ಹರಡಿದ್ದ ರಾಗಿಯನ್ನು ಅತ್ತೆ ಒಬ್ಬಳೇ ಬಳಿದು ತುಂಬುವಷ್ಟರಲ್ಲಿ ಪೂರಾ ನೆನೆದಿತ್ತಂತೆ. ಮುದ್ದೆಮುದ್ದೆಯಾಗಿ ಕೂತಿದ್ದ ರಾಶಿಯಲ್ಲಿ ಬಿಳಿ ಮೊಳಕೆ ಕಾಣುತ್ತಿತ್ತು.

ಪಕ್ಕದ ಮನೆಯವರು ಅಲ್ಲೇ ಇದ್ದರು. “ತರೀಕೆರೆ ಮಂಡಿಗೆ ಹಾಕ್ಬಿಡು, ಅಲ್ಲಿ ತಗಂತಾರೆ ಅಂತ ಅವತ್ತೇ ಬಡ್ಕಂಡೆ ಕಣವ್ವ. ‘ನನ್ನ ಸೊಸೆ ಓದಿದೋಳು, ಅವಳು ಹಸಿ ಅಂದ್ಮೇಲೆ ಹಸಿನೇ’ ಅಂದ್ಳು,” ಅಂತ ನನಗೇ ಹೇಳಿದರು.

ಅವರು ಹೋದ ಮೇಲೆ ಅತ್ತೆಗೆ ಎಲ್ಲವನ್ನೂ ಹೇಳಿದೆ. ಅವಳು ರಾಗಿ ಕೆದಕುವುದನ್ನು ನಿಲ್ಲಿಸಲಿಲ್ಲ.

“ಮಿಶಿನ್ನು ತಪ್ಪು ತೋರಿಸ್ತು, ಆಗ್ಲಿ. ನಾನು ಕೈ ಚಾಚಿದ್ನಲ್ಲ, ನಾಕು ಕಾಳು ತಗಳಕ್ಕೆ ನಿಂಗೇನಾಗಿತ್ತೇ?”

ಅತ್ತೆ ಊಟಕ್ಕೆ ಬಡಿಸಿದಳು. ನಾನು ಉಂಡೆ. ಪ್ರತಿ ಸಲ ಬಸ್ಸಿನವರೆಗೆ ಕಳಿಸಲು ಬರುತ್ತಿದ್ದವಳು ಅವತ್ತು ಬಾಗಿಲಲ್ಲೇ ನಿಂತಳು. ಆ ಕೆಲಸ ಬಿಟ್ಟ ಮೇಲೆ ಮದುವೆಯಾಗಿ ನಾನು ಅಜ್ಜಂಪುರಕ್ಕೆ ಬಂದೆ. ಅತ್ತೆ ಧಾರೆಗೆ ಬಂದು ಅಕ್ಷತೆ ಹಾಕಿ ಹಾಗೇ ಹೊರಟುಹೋದಳು.

ಉಳಿದ ಐವರ ಫೋನ್ ನಂಬರ್ ರಿಜಿಸ್ಟರಿನಲ್ಲೇ ಇತ್ತು. ಒಬ್ಬರಿಗೂ ಮಾಡಲಿಲ್ಲ. ಮರುವರ್ಷ, ನಾನಿನ್ನೂ ಗೋಡೌನಿನಲ್ಲಿದ್ದಾಗ, ಅವರಲ್ಲೊಬ್ಬರು, ಎಮ್ಮೆದೊಡ್ಡಿ ಕಡೆಯ ಮುದುಕರು, ರಾಗಿ ತಂದರು. ನಾನು ಕೇಳದಿದ್ದರೂ ಹೆಗಲ ಮೇಲಿನ ಟವೆಲ್ ಕೈಗೆ ತೆಗೆದುಕೊಂಡು, “ಹೋದ್ಸಲ ನಂದೇ ತಪ್ಪು ಮೇಡಂ, ಅವಸರಕ್ಕೆ ಹಸೀದೇ ತಂದ್ಬಿಟ್ಟಿದ್ದೆ. ಈ ಸಲ ಚೆನ್ನಾಗಿ ಒಣಗ್ಸಿದೀನಿ,” ಅಂದರು.

ನಾನು ತಲೆಯೆತ್ತದೆ ಮಿಶಿನ್ನು ತೋರಿಸಿದ ತೇವ ಬರೆದು, ಅವರನ್ನು ತೂಕಕ್ಕೆ ಕಳಿಸಿದೆ.