ಎರಡು ಸಲ ತಿದ್ದಿದ ಮುಳ್ಳು

ಈ ಬೆಳಿಗ್ಗೆ ಎಲಿಕಾಟ್ ಸಿಟಿಯ ಕಾಫಿ ಅಂಗಡಿಯ ಡ್ರೈವ್-ಥ್ರೂ ಸಾಲಿನಲ್ಲಿ ನನ್ನ ಮುಂದಿದ್ದ ಕಾರು ಕಿಟಕಿಯ ಹತ್ತಿರ ಹೋಗಿ ನಿಂತಿತು. ಅಂಗಡಿಯ ಒಳಗಿದ್ದ ಹುಡುಗಿ ಕಾಫಿ ಹಿಡಿದ ಕೈಯನ್ನು ಹೊರಗೆ ಚಾಚಿದಳು. ಈಸಿಕೊಳ್ಳಲು ಅಲ್ಲಿ ಯಾರೂ ಇರಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ಕಾರಿನ ಬಲಬಾಗಿಲು ತೆರೆಯಿತು. ತರುಣನೊಬ್ಬ ಇಳಿದು ತನ್ನ ಕಾರಿಗೇ ಅರ್ಧ ಪ್ರದಕ್ಷಿಣೆ ಬಂದು, ಲೋಟವನ್ನು ತೀರ್ಥದ ಹಾಗೆ ಸ್ವೀಕರಿಸಿ, ಬಂದ ದಾರಿಯಲ್ಲೇ ಹಿಂತಿರುಗಿದ. ನನ್ನ ಹಿಂದಿನವರು ಹಾರನ್ ಒತ್ತಿದರು. ನನಗೆ ನಗುವೂ ಬರಲಿಲ್ಲ, ಸಿಟ್ಟೂ ಬರಲಿಲ್ಲ. ಬಲಗಡೆ ಸ್ಟಿಯರಿಂಗ್ ಇರುವ ಜಪಾನಿನ ಹಳೇ ಕಾರು ಅದು. ನಾನು ಹೊರಟಿದ್ದದ್ದೂ ಅಂಥದೇ ಒಂದು ಕಾರು ಹೊಕ್ಕಿದ್ದ ಮನೆಗೆ.

ಗೈದರ್ಸ್‌ಬರ್ಗಿನ ಆ ಟೌನ್‌ಹೌಸಿನಲ್ಲಿದ್ದವರು ಇಬ್ಬರೇ, ಚಂದ್ರಮೌಳಿ ಮತ್ತು ವಾರಿಜಾ. ಇಬ್ಬರೂ ಮೈಸೂರಿನವರು, ಇಬ್ಬರೂ ಇಂಜಿನಿಯರುಗಳು. ಒಂದೇ ಮನೆ, ಒಂದೇ ಒಗ್ಗರಣೆ, ಆದರೆ ವೀಸಾ ಮಾತ್ರ ಬೇರೆ ಬೇರೆ ಕಂಪನಿಯದು. ಮೌಳಿ ಔಷಧ ಕಂಪನಿಯೊಂದರ ಕಂಪ್ಯೂಟರುಗಳನ್ನು ನೋಡಿಕೊಳ್ಳುತ್ತಿದ್ದ. ವಾರಿಜಾ ಬೆಳಗಿನ ಬಿಸಿಲು ಬೀಳುವ ಕಿಟಕಿಯ ಪಕ್ಕ ಕೂತು ಅಳತೆಯ ಉಪಕರಣಗಳಿಗೆ ಸರ್ಕ್ಯೂಟು ಬರೆಯುತ್ತಿದ್ದಳು.

ಆ ಮನೆಯಲ್ಲಿ ಒಂದು ವ್ರತವಿತ್ತು. ಮಾಡಿದ ಕೆಲಸವನ್ನು ಬಾಯಿಬಿಟ್ಟು ಹೇಳಬಾರದು. ಹೇಳಿದರೆ ಅದು ಜಂಬ, ಇಲ್ಲವೇ ಹಂಗು. ನಲ್ಲಿ ಸೋರುತ್ತಿದ್ದರೆ ಒಂದು ದಿನ ಸೋರುವುದು ನಿಂತಿರುತ್ತಿತ್ತು, ಯಾರು ಸರಿಮಾಡಿದರೆಂಬ ವಿಚಾರಣೆಯಿಲ್ಲ. ಒಬ್ಬರು ಅರ್ಧ ಬಿಟ್ಟದ್ದನ್ನು ಇನ್ನೊಬ್ಬರು ಸದ್ದಿಲ್ಲದೆ ಮುಗಿಸುತ್ತಿದ್ದರು. ಸಾರಿಗೆ ಒಮ್ಮೊಮ್ಮೆ ಎರಡು ಸಲ ಉಪ್ಪು ಬೀಳುತ್ತಿತ್ತು, ಒಮ್ಮೊಮ್ಮೆ ಬೀಳುತ್ತಲೇ ಇರಲಿಲ್ಲ. ಆಗಾಗ ಊಟಕ್ಕೆ ಹೋಗುತ್ತಿದ್ದ ನಾನು ಎರಡನ್ನೂ ಉಂಡಿದ್ದೇನೆ. ಮದುವೆಯಾಗಿ ಬಹಳ ವರ್ಷವಾದವರು ಒಬ್ಬರನ್ನೊಬ್ಬರು ಇಷ್ಟು ಗೌರವದಿಂದ ನಡೆಸಿಕೊಳ್ಳುವುದನ್ನು ನಾನು ಬೇರೆಲ್ಲೂ ಕಂಡಿಲ್ಲ. ಗೌರವದ ಅತಿಸಾರಕ್ಕೆ ಔಷಧವಿಲ್ಲವೆಂಬುದು ಆಗ ನನಗೆ ಗೊತ್ತಿರಲಿಲ್ಲ.

ಮೌಳಿಗೆ ಇದ್ದದ್ದು ಒಂದೇ ಆಸೆ: ಬಲಗಡೆ ಕೂತು ಕಾರು ಓಡಿಸುವುದು. “ಎಡಗಡೆ ಕೂತಾಗೆಲ್ಲ ಯಾರದೋ ಮನೇಲಿ ಅಳಿಯನ ಥರ ಕೂತಿದೀನಿ ಅನ್ಸತ್ತೆ ಸಾರ್,” ಎನ್ನುತ್ತಿದ್ದ. ಜಪಾನಿನ ಕಾರಿಗೆ ಇಪ್ಪತ್ತೈದು ತುಂಬಿದರೆ ಅಮೆರಿಕ ಹೆಚ್ಚು ಪ್ರಶ್ನೆ ಕೇಳದೆ ಒಳಗೆ ಬಿಟ್ಟುಕೊಳ್ಳುತ್ತದೆ. ಮನುಷ್ಯರಿಗೆ ಅಂಥ ನಿಯಮವಿಲ್ಲ. ಗ್ರೀನ್ ಕಾರ್ಡಿನ ಸಾಲಿನಲ್ಲಿ ನಿಂತು ನಿಂತು ಮೌಳಿಯ ತಲೆ ನರೆಯುತ್ತಿದ್ದಾಗ ಅವನ ಕಾರು ಹಡಗಿನಿಂದ ಇಳಿದು, ನಂಬರ್ ಪ್ಲೇಟು ತೊಟ್ಟು, ಈ ದೇಶದ ಸಭ್ಯ ನಿವಾಸಿಯಾಗಿಬಿಟ್ಟಿತು. ಕರೋನಾದ ಮೊದಲ ವರ್ಷ ಅದು. ಬೀದಿಯವರೆಲ್ಲ ಬಾಗಿಲು ಹಾಕಿಕೊಂಡಿದ್ದರು, ಹಾಗಾಗಿ ಗೃಹಪ್ರವೇಶಕ್ಕೆ ನಾನೊಬ್ಬನೇ ಅತಿಥಿ.

ಈ ಕಾರುಗಳಿಗೆ ಎರಡು ಜನ್ಮದೋಷಗಳಿರುತ್ತವೆ. ಒಂದು, ವೇಗ ತೋರಿಸುವ ಮುಳ್ಳು ಕಿಲೋಮೀಟರಿನಲ್ಲಿ ಮಾತಾಡುತ್ತದೆ, ಇಲ್ಲಿನ ರಸ್ತೆಗಳು ಮೈಲಿಯಲ್ಲಿ. ಇನ್ನೊಂದು, ನೂರೆಂಬತ್ತು ಕಿಲೋಮೀಟರು ಮುಟ್ಟಿದೊಡನೆ ಎಂಜಿನ್ನು ತಾನಾಗಿಯೇ ಸುಮ್ಮನಾಗುತ್ತದೆ. ಅಷ್ಟು ವೇಗ ಸಾಕು ಎಂದು ಜಪಾನಿನವರು ಮೊದಲೇ ಅದರ ತಲೆಯಲ್ಲಿ ಬರೆದು ಕಳಿಸಿರುತ್ತಾರೆ. ಎರಡಕ್ಕೂ ಒಂದೇ ಔಷಧವುಂಟು: ಬೆಂಕಿಪೆಟ್ಟಿಗೆಯಷ್ಟು ದೊಡ್ಡ ಡಬ್ಬಿ. ವೇಗದ ಸುದ್ದಿ ಹೊತ್ತು ತರುವ ತಂತಿಯ ನಡುವೆ ಅದನ್ನು ಕೂರಿಸಿದರೆ ಸುದ್ದಿಯನ್ನು ತಗ್ಗಿಸಿ ಮುಂದಕ್ಕೆ ಹೇಳುತ್ತದೆ. ನೂರು ಕಿಲೋಮೀಟರಿನಲ್ಲಿ ಓಡುವಾಗ ಮುಳ್ಳು ಅರವತ್ತೆರಡರ ಮೇಲೆ ನಿಲ್ಲುತ್ತದೆ, ಅಂದರೆ ಮೈಲಿಯ ಲೆಕ್ಕ. ಎಂಜಿನ್ನಿಗೂ ಅದೇ ಸುದ್ದಿ ತಲುಪುವುದರಿಂದ ನೂರೆಂಬತ್ತು ಆಯಿತೆಂದು ಅದಕ್ಕೆ ತಿಳಿಯುವುದೇ ಇಲ್ಲ. ಮೌಳಿಗೆ ಬೇಕಾಗಿದ್ದದ್ದು ಮೈಲಿ ಮಾತ್ರ. ಮಿತಿ ಹೋದದ್ದು, ಸೀರೆ ಕೊಂಡರೆ ಕೊಡುವ ಚೀಲದ ಹಾಗೆ, ಜೊತೆಗೆ ಬಂದದ್ದು.

ಅವನು ಡಬ್ಬಿಯನ್ನು ಡ್ಯಾಶ್‌ಬೋರ್ಡಿನ ಹಿಂದೆ ಕೂರಿಸಿ, ವ್ರತದ ಪ್ರಕಾರ, ಯಾರಿಗೂ ಹೇಳಲಿಲ್ಲ. ಮೀಟರಿನ ಮುಖದ ಮೇಲೆ ಕಿಲೋಮೀಟರ್ ಎಂಬ ಹಳೇ ಅಕ್ಷರ ಹಾಗೇ ಇತ್ತು. ವಾರಿಜಾ ಅದನ್ನು ನೋಡಿದಳು. ಪಾಪ, ಆಫೀಸಿನ ಕಾಲ್‌ಗಳ ಮಧ್ಯೆ ಅವರಿಗೆ ಪುರುಸೊತ್ತಾಗಿಲ್ಲ ಎಂದುಕೊಂಡು ಮೈಲಿಯ ಲೆಕ್ಕದಲ್ಲಿ ಅಚ್ಚಾದ ಹೊಸ ಮುಖವೊಂದನ್ನು ತರಿಸಿದಳು. ಅದರಲ್ಲಿ ಹಿಂದೆ ನೂರು ಇದ್ದ ಜಾಗದಲ್ಲಿ ಅರವತ್ತೆರಡು ಬರುವಂತೆ ಅಂಕಿಗಳನ್ನೇ ಸರಿಸಿರುತ್ತಾರೆ. ಮೌಳಿ ಮಹಡಿಯ ಮೇಲೆ ಮೀಟಿಂಗಿನಲ್ಲಿದ್ದಾಗ ಅವಳು ಮುಳ್ಳು ಬಿಚ್ಚಿ, ಹಳೆಯ ಮುಖ ತೆಗೆದು, ಹೊಸದನ್ನು ಕೂದಲೆಳೆಯಷ್ಟೂ ವ್ಯತ್ಯಾಸವಾಗದಂತೆ ಅಂಟಿಸಿದಳು. ಅವಳೂ ಹೇಳಲಿಲ್ಲ.

ಈಗ ನಿಮಗೆ ಅರ್ಥವಾಗಿರಬೇಕು. ಡಬ್ಬಿ ಒಂದು ಸಲ ತಗ್ಗಿಸಿತ್ತು, ಮುಖ ಇನ್ನೊಂದು ಸಲ ತಗ್ಗಿಸಿತು. ನಮಗೆ ಅರ್ಥವಾಗಲು ಪೊಲೀಸರು ಬೇಕಾಯಿತು.

ಒಂದು ಭಾನುವಾರ ಬೆಳಿಗ್ಗೆ ಮೂವರೂ ವರ್ಜೀನಿಯಾದ ಬೆಟ್ಟ ನೋಡಲು ಹೊರಟೆವು. ಕಾರು ಹೊಸ ಮುಖ ತೊಟ್ಟು ಹೆದ್ದಾರಿ ಕಂಡದ್ದು ಅಂದೇ ಮೊದಲು. ಮೌಳಿ ಬಲಗಡೆ, ವಾರಿಜಾ ಹಿಂದೆ. ಅಮೆರಿಕದ ಡ್ರೈವರು ಕೂರಬೇಕಾದ ಎಡಗಡೆಯಲ್ಲಿ ನಾನು, ತೊಡೆಯ ಮೇಲೆ ಚಿತ್ರಾನ್ನದ ಡಬ್ಬಿ. ರಸ್ತೆ ಖಾಲಿ. ಹೋಲಿಸಿ ನೋಡಲು ಅಕ್ಕಪಕ್ಕದಲ್ಲಿ ಒಂದು ಕಾರಿಲ್ಲ. ಮುಳ್ಳು ಐವತ್ತೈದರ ಮೇಲೆ ಋಷಿಯಂತೆ ಕೂತಿತ್ತು, ಆ ದಾರಿಯ ಮಿತಿಯೂ ಅಷ್ಟೇ.

“ಎಂಜಿನ್ನು ಸ್ವಲ್ಪ ಜಾಸ್ತಿ ಅಳ್ತಾ ಇದೆ ಅಲ್ವಾ?” ಎಂದೆ.

“ವಯಸ್ಸಾಗಿದೆ ಸಾರ್,” ಎಂದ ಮೌಳಿ. “ನಾವೂ ಮೆಟ್ಟಿಲು ಹತ್ತಿದ್ರೆ ಇದೇ ಸದ್ದು.”

ಹಿಂದೆ ನೀಲಿ ದೀಪ ಮಿನುಗಿತು. ಪೊಲೀಸು ನೇರವಾಗಿ ನನ್ನ ಕಿಟಕಿಗೆ ಬಂದು ಲೈಸೆನ್ಸ್ ಕೇಳಿದ. ನನ್ನ ಮುಂದೆ ಸ್ಟಿಯರಿಂಗ್ ಇಲ್ಲವೆಂಬುದನ್ನು ಅವನು ಗಮನಿಸುವವರೆಗೆ ನಾನು ಚಿತ್ರಾನ್ನ ತಿನ್ನುತ್ತಾ ಕಾರು ಓಡಿಸಿದ ಮಹಾಪುರುಷನಾಗಿದ್ದೆ. ಅವನ ಯಂತ್ರ ಎಂಬತ್ತೆಂಟು ಮೈಲಿ ತೋರಿಸಿತ್ತು. ವರ್ಜೀನಿಯಾದಲ್ಲಿ ಎಂಬತ್ತೈದು ದಾಟಿದರೆ ಅದು ಬರೀ ದಂಡ ಕಟ್ಟಿ ಹೋಗುವ ತಪ್ಪಲ್ಲ. ಅಪರಾಧ. ವೀಸಾದ ಮೇಲಿರುವವನ ಕಿವಿಗೆ ಆ ಪದ ಹೇಗೆ ಕೇಳುತ್ತದೆಂದು ಬಿಡಿಸಿ ಹೇಳಬೇಕಾಗಿಲ್ಲ.

ಪೊಲೀಸು ಕಾಗದ ಬರೆಯಲು ತನ್ನ ಕಾರಿಗೆ ಹೋದಾಗ ಹಿಂದಿನ ಸೀಟಿನಿಂದ ವಾರಿಜಾ ಮೆಲ್ಲಗೆ ಕೇಳಿದಳು.

“ರೀ, ನೀವೇನಾದ್ರೂ ಕನ್ವರ್ಟರ್ ಹಾಕಿದ್ರಾ?”

“ಹೂಂ. ಹೋದ ತಿಂಗಳೇ.”

“ನಾನು ಡಯಲ್ ಚೇಂಜ್ ಮಾಡ್ದೆ.”

“ನೋಡ್ದೆ ಕಣೆ. ಮೈಲಿ ಅಂತ ಅಕ್ಷರ ಹಾಕಿದ್ಯಲ್ಲ ಅಂತ ಖುಷಿ ಆಯ್ತು. ನಂಬರೂ ಬದಲಾಯಿಸಿದ್ಯಾ?”

ಖುಷಿಯಾಗಿದ್ದನ್ನೂ ಅವನು ಹೇಳಿರಲಿಲ್ಲ ಎಂಬುದು ನನ್ನ ತಲೆಯಲ್ಲಿ ಈಗಲೂ ಸುತ್ತುತ್ತಿದೆ. ಅಂದೇ ‘ಡಯಲ್ ಚೆನ್ನಾಗಿದೆ’ ಎಂದು ಒಂದು ಮಾತು ಆಡಿದ್ದರೆ, ‘ಅಂಕಿ ಸರಿಸಿದ್ದು ನೋಡಿದ್ರಾ’ ಎಂದು ಅವಳು ಕೇಳುತ್ತಿದ್ದಳು. ಮಿಕ್ಕದ್ದೆಲ್ಲ ನಡೆಯುತ್ತಲೇ ಇರಲಿಲ್ಲ.

ವಕೀಲರ ಸಲಹೆಯಂತೆ ಮೀಟರನ್ನು ಗ್ಯಾರೇಜಿನಲ್ಲಿ ಪರೀಕ್ಷೆ ಮಾಡಿಸಿದರು. ಡಬ್ಬಿ, ಹೊಸ ಮುಖ ಎರಡೂ ಸೇರಿ ಮುಳ್ಳು ವೇಗವನ್ನು ಬಹಳ ಕಡಿಮೆ ತೋರಿಸುತ್ತದೆಂದು ಗ್ಯಾರೇಜಿನವರು ಬರೆದುಕೊಟ್ಟರು. ನ್ಯಾಯಾಧೀಶರು ಒಳ್ಳೆಯವರು, ಸಾವಧಾನದಿಂದ ಕೇಳಿದರು. ಮೀಟರನ್ನು ಕೆಡಿಸಿದ್ದು ಯಾರು ಎಂದಾಗ ಗಂಡಹೆಂಡಿರಿಬ್ಬರೂ ಒಟ್ಟಿಗೇ ಎದ್ದು “ನಾನು” ಎಂದರು. ಅವರ ದಾಂಪತ್ಯದಲ್ಲಿ ಆ ಮಾತು ಬಂದದ್ದು ಬಹುಶಃ ಅದೇ ಮೊದಲು. ಕೋರ್ಟಿನಲ್ಲಿ ಒಂದಿಬ್ಬರು ನಕ್ಕರು. ನಾನು ಗೆದ್ದೆವೆಂದುಕೊಂಡೆ. ಆಗ ಪೊಲೀಸು ಆ ಡಬ್ಬಿಯನ್ನು ಯಾವ ಹೆಸರಿನಲ್ಲಿ ಮಾರುತ್ತಾರೆಂದು ಹೇಳಿದ: ವೇಗಮಿತಿ ತೆಗೆಯುವ ಸಾಧನ.

ನ್ಯಾಯಾಧೀಶರು ಕನ್ನಡಕ ತೆಗೆದರು. ಜೋರಾಗಿ ಹೋಗುವ ಇಚ್ಛೆಯೇ ಇಲ್ಲದವನಿಗೆ ಮಿತಿ ಏಕೆ ಅಡ್ಡಿಯಾಯಿತು ಎಂದು ಕೇಳಿದರು. ನ್ಯಾಯವಾದ ಪ್ರಶ್ನೆ. ತನಗೆ ಮೈಲಿ ಮಾತ್ರ ಬೇಕಿತ್ತೆಂದು ಮೌಳಿ ಹೇಳಿದ. ಅದಕ್ಕಿಂತ ಸತ್ಯವಾದ ಮಾತು ಆ ಕೋಣೆಯಲ್ಲಿ ಅಂದು ಯಾರೂ ಆಡಲಿಲ್ಲ, ಅದಕ್ಕಿಂತ ಸುಳ್ಳಾಗಿ ಕೇಳಿಸಿದ್ದೂ ಇನ್ನೊಂದಿರಲಿಲ್ಲ. ಅಪರಾಧ ಸಾಬೀತಾಯಿತು.

ಮುಂದಿನ ವರ್ಷ ಅಕ್ಕನ ಆಪರೇಷನ್ನಿಗೆಂದು ಮೌಳಿ ಮೈಸೂರಿಗೆ ಹೋದ. ಹಿಂತಿರುಗಲು ವೀಸಾದ ಮುದ್ರೆ ಹೊಸದಾಗಿ ಬೇಕಿತ್ತು. ಯಾವುದಾದರೂ ಅಪರಾಧವುಂಟೇ ಎಂಬ ಪ್ರಶ್ನೆಗೆ ಹೌದೆಂದ. ಅರ್ಜಿ ಪರಿಶೀಲನೆಗೆ ಹೋಯಿತು, ಇನ್ನೂ ಅಲ್ಲೇ ಇದೆ. ಕಂಪನಿ ಕೆಲವು ತಿಂಗಳು ಕಾದು, ವಿಷಾದ ಸೂಚಿಸಿ, ಕೈತೊಳೆದುಕೊಂಡಿತು. ಕಾರನ್ನು ಅಟ್ಲಾಂಟಾದ ಯಾರೋ ಕೊಂಡರು. ಕೊಡುವ ಮೊದಲು ವಾರಿಜಾ ಡಬ್ಬಿಯನ್ನೂ ತೆಗೆದು, ಹಳೆಯ ಮುಖವನ್ನೇ ತಿರುಗಿ ಹಾಕಿದಳು. ಈಗ ಅದು ಎಲ್ಲೋ ಕಿಲೋಮೀಟರಿನಲ್ಲಿ ಸತ್ಯ ನುಡಿಯುತ್ತಿರಬೇಕು.

ಬೇರೆ ಗಂಡಹೆಂಡಿರು ತಪ್ಪು ನಿನ್ನದು ಎಂದು ಜಗಳವಾಡುತ್ತಾರೆ. ಅದಕ್ಕೆ ನಮ್ಮಂಥವರು ರಾಜಿ ಮಾಡಿಸಬಹುದು. ಇವರದು ತಪ್ಪು ನನ್ನದು ಎಂಬ ಜಗಳ. ಅವನ ಬಾಳು ನನ್ನಿಂದ ಕೆಟ್ಟಿತು ಎಂದು ಇವಳು, ನನ್ನಿಂದ ಅವಳು ಒಂಟಿಯಾದಳು ಎಂದು ಅವನು. ಕ್ಷಮಿಸುವವರೇ ಇಲ್ಲದ ಮೇಲೆ ರಾಜಿ ಯಾರ ಹತ್ತಿರ ಮಾಡಿಸುವುದು? ಫೋನಿನ ಮಾತುಗಳು ಚಿಕ್ಕವಾದವು. ಊಟ ಆಯ್ತಾ, ಆಯ್ತು. ಚಳಿ ಇದೆಯಾ, ಇದೆ.

ಈ ಬೆಳಿಗ್ಗೆ ನಾನು ಹೋದಾಗ ವಾರಿಜಾ ಪಾತ್ರೆಗಳನ್ನು ಕಾಗದದಲ್ಲಿ ಸುತ್ತುತ್ತಿದ್ದಳು. ನಾಳೆ ಟ್ರಕ್ಕು ಬರುತ್ತದೆ. ಮೈಸೂರಿಗಲ್ಲ, ಅಮೆರಿಕದಲ್ಲೇ ದಕ್ಷಿಣಕ್ಕಿರುವ ಶಾರ್ಲೆಟ್ಟಿನ ಬ್ಯಾಲಂಟೈನ್‌ಗೆ. ಅಲ್ಲಿ ಹೊಸ ಕೆಲಸ.

“ಊರಿಗೆ ಹೋಗೋ ಯೋಚನೆ ಮಾಡ್ಲಿಲ್ವಾ?” ಎಂದೆ.

“ಬರಬೇಡ ಅಂದ್ರು. ಕೆಲಸ ಹಾಳುಮಾಡ್ಕೋಬೇಡ, ಅಲ್ಲೇ ಸೆಟ್ಲ್ ಆಗು ಅಂದ್ರು. ಸರಿ ಅಂದೆ.”

“ನಿನಗೆ ಮನಸ್ಸಿತ್ತಾ?”

“ಅವರಿಗೆ ಈಗ ಅಲ್ಲಿ ಹೊಂದಿಕೆ ಆಗಿದೆ ಅನ್ಸತ್ತೆ. ಮಧ್ಯೆ ನಾನ್ಯಾಕೆ ಹೋಗ್ಲಿ.”

ಹೋದ ವಾರ ಮೌಳಿ ನನಗೆ ಫೋನ್ ಮಾಡಿದ್ದ. ಬಾಡಿಗೆಮನೆಯ ಮಹಡಿಯಲ್ಲಿ ಪೂರ್ವಕ್ಕೆ ಕಿಟಕಿಯಿರುವ ಕೋಣೆಯನ್ನು ಖಾಲಿ ಮಾಡಿಸಿ, ಸರ್ಕ್ಯೂಟು ಬೆಸೆಯಲು ಎತ್ತರದ ಮೇಜು, ಬಗ್ಗುವ ದೀಪ ಎರಡನ್ನೂ ತಂದಿಟ್ಟಿದ್ದಾನೆ. “ಅವಳಿಗೆ ಹೇಳ್ಬೇಡಿ ಸಾರ್. ಹೇಳಿದ್ರೆ ನನಗೋಸ್ಕರ ಎಲ್ಲ ಬಿಟ್ಟು ಬಂದ್ಬಿಡ್ತಾಳೆ.” ಆಗಲಿ ಎಂದಿದ್ದೆ. ಕೊಟ್ಟ ಮಾತು ಉಳಿಸಿಕೊಳ್ಳುವ ಜಾತಿಯವನು ನಾನು. ಆದರೆ ಆ ಮನೆಯಲ್ಲಿ ಸುಮ್ಮನಿದ್ದು ಕೆಟ್ಟದ್ದು ಸಾಕು ಅನ್ನಿಸಿತು. ಮೇಜು, ದೀಪ, ಕಿಟಕಿ ಎಲ್ಲವನ್ನೂ ಹೇಳಿದೆ.

ಅವಳ ಕೈ ನಿಂತಿತು.

“ಯಾವ ಕಡೆ ಕಿಟಕಿ ಅಂದ್ರಿ?”

“ಪೂರ್ವ.”

ಕೈಯಲ್ಲಿದ್ದ ತಟ್ಟೆಯನ್ನು ಕೆಳಗಿಟ್ಟಳು. “ನಿಮಗೆ ಹೇಳಿದ್ರು,” ಎಂದಳು.

“ಈಗಲೇ ಫೋನ್ ಮಾಡಮ್ಮ. ನಾನು ಹೊರಗಿರ್ತೀನಿ.”

ಅವಳು ಫೋನನ್ನು ಎತ್ತಿಕೊಂಡಳು. ಮೈಸೂರಿನಲ್ಲಿ ಆಗ ಸಂಜೆ ಏಳೂವರೆ. ಅವಳೂ ಅದನ್ನೇ ಎಣಿಸಿರಬೇಕು.

“ಅವರಿಗೆ ಊಟದ ಹೊತ್ತು,” ಎಂದಳು. “ಡಿಸ್ಟರ್ಬ್ ಮಾಡೋದು ಬೇಡ.”

ಫೋನನ್ನು ಮಗುಚಿಟ್ಟು ತಟ್ಟೆಯನ್ನು ಸುತ್ತಿ ಪೆಟ್ಟಿಗೆಗೆ ಹಾಕಿದಳು. ಮುಚ್ಚಳದ ಎರಡು ರೆಕ್ಕೆಗಳು ಕೂಡುತ್ತಿರಲಿಲ್ಲ. ನಾನು ಒತ್ತಿ ಹಿಡಿದೆ, ಅವಳು ಟೇಪು ಎಳೆದಳು.