ಜಗಳವಿಲ್ಲದ ದಿನದ ಬಿಪಿ

ಮಾತ್ರೆಯ ಮೇಲೆ ಮಾತ್ರೆ ನುಂಗಿದರೂ ನನ್ನ ಬಿಪಿ ಇಳಿಯಲಿಲ್ಲ. ಹೃದಯದ ಗೋಡೆ ಆಗಲೇ ದಪ್ಪವಾಗಿತ್ತು. ಕೊನೆಗೆ ಡಾಕ್ಟರು ಹೊಸ ಚಿಕಿತ್ಸೆಯೊಂದನ್ನು ಹೇಳಿದರು. ತೊಡೆಸಂದಿಯ ರಕ್ತನಾಳದಿಂದ ತೆಳ್ಳಗಿನ ಕೊಳವೆ ತೂರಿಸಿ, ಕಿಡ್ನಿಗೆ ಹೋಗುವ ರಕ್ತನಾಳದ ಸುತ್ತಲಿನ ನರಗಳನ್ನು ಬಿಸಿಯಿಂದ ಸುಡುವುದು. ಬಿಪಿ ಏರಿಸುವುದರಲ್ಲಿ ಆ ನರಗಳದ್ದೂ ಕೈವಾಡವಂತೆ. ಹೆಂಡತಿ ಕೂಡಲೇ ಒಪ್ಪಿದಳು. ಅವಳ ಅಪ್ಪ ಇದೇ ಬಿಪಿಯಿಂದ ಕುಸಿದು ಬಿದ್ದವರು ಮತ್ತೆ ಏಳಲಿಲ್ಲ.

ಅದಕ್ಕೆ ಮೊದಲು ರಕ್ತವನ್ನು ಪರೀಕ್ಷೆಗೆ ಕೊಟ್ಟು, ತೋಳಿಗೆ ಪಟ್ಟಿ, ಸೊಂಟಕ್ಕೆ ಡಬ್ಬಿ ಕಟ್ಟಿಕೊಂಡು ಒಂದು ದಿನ ಕಳೆಯಬೇಕಿತ್ತು. ಪಟ್ಟಿ ಆಗಾಗ ತಾನೇ ಉಬ್ಬಿ ಬಿಪಿ ಅಳೆಯುತ್ತದೆ.

"ದಿನಾ ಹೇಗಿರ್ತೀರೋ ಹಾಗೇ ಇರಿ" ಎಂದರು ಡಾಕ್ಟರು.

ನಾನು ದಿನಾ ಹೇಗಿರುತ್ತೇನೆಂದು ಹಂಪನಕಟ್ಟೆ ಪೇಟೆಗೆಲ್ಲ ಗೊತ್ತು. ಅಲ್ಲಿ ನನ್ನದು ಕೊಡೆ ಅಂಗಡಿ. ಪಕ್ಕದ ಚಪ್ಪಲಿ ಅಂಗಡಿಯ ಬ್ಯಾರಿ ನನ್ನ ಹಳೆಯ ದೋಸ್ತಿ. ಬೆಳಿಗ್ಗೆ ಅವನು ಸ್ಕೂಟರನ್ನು ನನ್ನ ಮೆಟ್ಟಿಲಿಗೆ ಅಡ್ಡ ಇಡಬೇಕು, ನಾನು ಕೂಗಬೇಕು, ಅವನೂ ಕೂಗಬೇಕು, ಆಮೇಲೆ ಇಬ್ಬರೂ ಚಹಾ ಕುಡಿಯಬೇಕು. ಇಷ್ಟಾಗದೆ ನಮಗೆ ಬೋಣಿಯಾಗುವುದಿಲ್ಲ.

ಆ ದಿನ ಸ್ಕೂಟರ್ ಅವನ ಅಂಗಡಿ ಮುಂದೆಯೇ ಇತ್ತು.

"ಎಂತ, ಇವತ್ತು ನನ್ನ ಮೆಟ್ಟಿಲು ಬೇಡ್ವಾ?" ಎಂದು ನಾನೇ ಕೆಣಕಿದೆ.

"ನಿನ್ನ ಮೆಟ್ಟಿಲು ನಿನಗೇ ಇರ್ಲಿ ಮಾರಾಯ" ಎಂದು ನಕ್ಕು ಒಳಗೆ ಹೋದ.

ರಾತ್ರಿ ಕುಲಶೇಖರದಲ್ಲಿರುವ ನಮ್ಮ ಮನೆಗೆ ಬಂದರೆ ಮಗಳು ಟಿವಿ ರಿಮೋಟನ್ನು ತಾನಾಗಿ ತಂದು ಕೊಟ್ಟಳು. ಬಂಗುಡೆ ಮೀನಿನ ನಡುಭಾಗವೆಲ್ಲ ನನ್ನ ಬಟ್ಟಲಿಗೇ ಬಿತ್ತು. ಇಷ್ಟು ಮರ್ಯಾದೆ ನನಗೆ ಮದುವೆಯ ದಿನವೂ ಸಿಕ್ಕಿರಲಿಲ್ಲ. ನಾನು ಬದುಕುವುದಿಲ್ಲವೆಂದು ಡಾಕ್ಟರು ಇವರಿಗೆ ಗುಟ್ಟಾಗಿ ಹೇಳಿರಬೇಕೆಂದು ಹೆದರಿ, ತೆಪ್ಪಗೆ ಮಲಗಿದೆ.

ಮರುದಿನ ಡಾಕ್ಟರು ಹುಬ್ಬು ಗಂಟಿಕ್ಕಿದರು. "ಇದರಲ್ಲಿ ಬಿಪಿ ಅಷ್ಟು ಜಾಸ್ತಿ ಇಲ್ಲ. ಹೀಗಾದ್ರೆ ಆ ಚಿಕಿತ್ಸೆ ಮಾಡ್ಲಿಕ್ಕಾಗುದಿಲ್ಲ. ಆದ್ರೆ ಹೃದಯಕ್ಕೆ ಕಷ್ಟ ಆಗ್ತಾ ಉಂಟು ಅಂತ ರಕ್ತಪರೀಕ್ಷೆ ಹೇಳ್ತದೆ. ನಿನ್ನೆ ಎಂತ ವಿಶೇಷ?"

ಹೆಂಡತಿ ತಲೆ ತಗ್ಗಿಸಿದಳು. "ನಾನೇ ಎಲ್ಲರಿಗೂ ಹೇಳಿದ್ದೆ ಡಾಕ್ಟ್ರೆ, ಯಾರೂ ಇವರ ಹತ್ರ ಜಗಳ ಮಾಡ್ಬೇಡಿ ಅಂತ. ಚಪ್ಪಲಿ ಅಂಗಡಿಗೂ ಫೋನ್ ಮಾಡಿದ್ದೆ. ಪರೀಕ್ಷೆ ಅಲ್ವಾ, ಇವರು ಪಾಸಾಗ್ಲಿ ಅಂತ."

ಪಟ್ಟಿ ಮತ್ತೆ ಕಟ್ಟಿದರು. ಈ ಸಲ ಸ್ಕೂಟರ್ ಮೆಟ್ಟಿಲಿಗೆ ಅಡ್ಡವೇ ಇತ್ತು. ನಾನು ಕೂಗಿದೆ, ಅವನೂ ಕೂಗಿದ. ಅಷ್ಟರಲ್ಲಿ ಪಟ್ಟಿ ಉಬ್ಬಿತು. ಅವನು ತಟ್ಟನೆ ಬಾಯಿ ಮುಚ್ಚಿದ.

"ನಿನಗೆ ಎಂತಾದ್ರೂ ಆದ್ರೆ ನಿನ್ನ ಮನೆಯಲ್ಲಿ ನಾನು ಎಂತ ಹೇಳುದು?" ಎಂದ. ಅವನ ಕಣ್ಣು ತುಂಬಿತ್ತು.

ನನಗೆ ನಿಜವಾದ ಸಿಟ್ಟು ಬಂದದ್ದು ಆಗ. ಬಾಯಿಗೆ ಬಂದಂತೆ ಬೈದೆ. ಬೈಗುಳ ಮುಗಿದು ಎಷ್ಟೋ ಹೊತ್ತಾದರೂ, ರಾತ್ರಿ ನಿದ್ದೆಯಲ್ಲೂ ಬಿಪಿ ಮೇಲೆಯೇ ಇತ್ತು. ಡಾಕ್ಟರು ಚಿಕಿತ್ಸೆ ಮಾಡಿದರು.

ತಿಂಗಳುಗಳು ಕಳೆದ ಮೇಲೆ ಬಿಪಿ ಇಳಿಯಿತು. ಮಾತ್ರೆ ನಿಲ್ಲಲಿಲ್ಲ, ಆದರೆ ರಕ್ತಪರೀಕ್ಷೆಯೂ ಒಳ್ಳೆಯ ಸುದ್ದಿ ಹೇಳಿತು. ಆಸ್ಪತ್ರೆಯಿಂದ ಸೀದಾ ಅಂಗಡಿಗೆ ಬಂದೆವು. ಚಿಕಿತ್ಸೆಯಾದಂದಿನಿಂದ ದೂರ ನಿಲ್ಲುತ್ತಿದ್ದ ಸ್ಕೂಟರ್ ಮತ್ತೆ ಮೆಟ್ಟಿಲಿಗೆ ಅಡ್ಡ ನಿಂತಿತ್ತು. ಬ್ಯಾರಿ ಬಾಗಿಲಲ್ಲಿ ನಿಂತು ನನ್ನ ಮುಖವನ್ನೇ ನೋಡುತ್ತಿದ್ದ. ಹೆಂಡತಿ ನನ್ನ ತೋಳು ಹಿಡಿದಳು.

"ಇದು ಎಂತ ನಿನ್ನ ಅಜ್ಜನ ಜಾಗವಾ?" ಎಂದು ರಸ್ತೆಯ ಆಚೆಗೂ ಕೇಳುವಂತೆ ಕೂಗಿದೆ.

"ಇವನಿಗೆ ಎಂತ ಸಹ ಆಗ್ಲಿಲ್ಲ ಅಕ್ಕ" ಎಂದು ಅವನು ಹೆಂಡತಿಗೆ ಹೇಳಿ, ಚಹಾ ತರಲು ಹೋದ.

ಹೆಂಡತಿ ಮೆಟ್ಟಿಲ ಮೇಲೆ ಕೂತು ಅತ್ತೇ ಬಿಟ್ಟಳು. ಅವಳ ಅಳು ನಿಲ್ಲುವವರೆಗೂ ನಾನು ಸ್ಕೂಟರಿಗೆ ಬೈಯುತ್ತಲೇ ಇದ್ದೆ.