ಬಾಗಿಲಲ್ಲಿ ಕೂತ ಅಜ್ಜಿ

ಕೆಳಗಿನ ಅಂಗಡಿಯಲ್ಲಿ ಬೀಗದ ಕೈ ಕೊರೆಯುವ ಯಂತ್ರ ಕಿರ್ರೆಂದು ಶುರುವಾದರೆ ಮೇಲಿನ ಮನೆಯ ನೆಲವೆಲ್ಲ ಸಣ್ಣಗೆ ನಡುಗುತ್ತದೆ. ಮೇಜಿನ ಮೇಲಿನ ಲೋಟ, ಲೋಟದೊಳಗಿನ ಚಹಾ, ಕಿಟಕಿಯ ಗಾಜು, ಎಲ್ಲವೂ. ಆ ಹೊತ್ತಿನಲ್ಲಿ ಪ್ರೂಫಣ್ಣನಿಗೆ ಒಂದು ಬಗೆಯ ನೆಮ್ಮದಿ. ಮನೆಯಲ್ಲಿ ನಡುಗುತ್ತಿರುವುದು ತಮ್ಮ ಬಲಗೈ ಒಂದೇ ಅಲ್ಲವಲ್ಲ.

ಬೆಳಿಗ್ಗೆ ಅವರ ಅಂಗಿಯ ಗುಂಡಿ ಹಾಕುವುದು ಹೆಂಡತಿ. ಮದುವೆಯಾದ ಹೊಸತರಲ್ಲಿ ಒಂದು ಲೋಟ ನೀರನ್ನೂ ಕೇಳದ ಗಂಡ ಈಗ ಎಲ್ಲ ಸೇವೆಯನ್ನೂ ಒಟ್ಟಿಗೆ ವಸೂಲು ಮಾಡಿಕೊಳ್ಳುತ್ತಿದ್ದಾರೆ ಎಂದು ಆಕೆ ಛೇಡಿಸುತ್ತಾಳೆ. ಚಹಾವನ್ನು ಅರ್ಧ ಲೋಟ ಮಾತ್ರ ಕೊಡುತ್ತಾಳೆ. ವೈದ್ಯರು ನಡುಕಕ್ಕೆ ಒಂದು ಹೆಸರು ಹೇಳಿ ಮಾತ್ರೆ ಬರೆದುಕೊಟ್ಟದ್ದು ಆಕೆಯೊಬ್ಬಳಿಗೇ ಗೊತ್ತು. ಮುದ್ರಣಾಲಯದಲ್ಲಿ ಯಾರಿಗೂ ಗೊತ್ತಿಲ್ಲ.

ಆ ಮುದ್ರಣಾಲಯದಲ್ಲಿ ಔಷಧದ ಬಾಟಲಿಗಳಿಗೆ ಅಂಟಿಸುವ ಲೇಬಲ್‌ಗಳನ್ನು ಅಚ್ಚು ಹಾಕುತ್ತಾರೆ. ವಿನ್ಯಾಸದ ಕೋಣೆಯಲ್ಲಿ ತಯಾರಾದ ಕರಡು, ಅಂದರೆ ಪ್ರೂಫು, ಮೇಲ್‌ನಲ್ಲಿ ಪ್ರೂಫಣ್ಣನಿಗೆ ಬರುತ್ತದೆ. ಅವರು ಓದಿ ಉತ್ತರ ಬರೆಯುತ್ತಾರೆ. ಸರಿ ಇದೆ ಎಂದರೆ ಯಂತ್ರ ಓಡುತ್ತದೆ, ಇಲ್ಲವೆಂದರೆ ನಿಲ್ಲುತ್ತದೆ. ಅವರ ಉತ್ತರಕ್ಕೆ ಒಂದು ಧಾಟಿಯಿತ್ತು. ಮೊದಲು ‘ಎಲ್ಲ ಸರಿ ಇದೆ’ ಎಂದು ಬರೆದು, ಆಮೇಲೆ ‘ಆದರೆ’ ಎಂದು ತಪ್ಪಿನ ಕಡೆ ಬರುತ್ತಿದ್ದರು. ಎರಡು ದಿನ ಕಣ್ಣು ಕೀಲಿಸಿಕೊಂಡು ಕೂತು ಮಾಡಿದವರಿಗೆ ಮೊದಲ ಸಾಲಿನಲ್ಲೇ ತಪ್ಪು ತೋರಿಸಬಾರದು ಎಂಬುದು ಅವರ ಮರ್ಯಾದೆ. ಓದುವುದಕ್ಕೆ ಅವರಿಗೆ ಕಷ್ಟವಿರಲಿಲ್ಲ. ಬರೆಯುವುದೇ ಕಷ್ಟವಾಗುತ್ತ ಬಂದಿತ್ತು.

ಅದಕ್ಕೇ ಸ್ಕ್ರಿಪ್ಟುಗಳು, ಕಂಪ್ಯೂಟರು ತಾನೇ ನಡೆಸಲೆಂದು ಬರೆದಿಡುವ ಆಜ್ಞೆಗಳು. ಅವರ ಮ್ಯಾಕ್ ಕಂಪ್ಯೂಟರಿನ ಮೇಲ್ ಪ್ರೋಗ್ರಾಮಿನಲ್ಲಿ, ಪರದೆಯ ಮೇಲಂಚಿಗೆ, ಸುರುಳಿ ಸುತ್ತಿದ ಕಾಗದದಂಥ ಒಂದು ಪುಟ್ಟ ಚಿತ್ರವಿತ್ತು. ಅದನ್ನು ಒತ್ತಿದರೆ ಅವರು ಬರೆದಿಟ್ಟ ಸ್ಕ್ರಿಪ್ಟುಗಳ ಹೆಸರು ಇಳಿದು ಬರುತ್ತಿತ್ತು. ಕೈ ಗಟ್ಟಿಯಿದ್ದ ದಿನಗಳಲ್ಲಿ ಮೊದಲನೆಯದನ್ನು ಬರೆದದ್ದು ಬರೀ ಖುಷಿಗೆ. ಆ ಭಾಷೆಯಲ್ಲಿ ಯಾವ ಕೆಲಸವನ್ನಾದರೂ ‘ಇಂಥವರಿಗೆ ಹೇಳು’ ಎಂದು ಶುರುಮಾಡಬೇಕು. ಮೇಲ್ ಪ್ರೋಗ್ರಾಮಿಗೆ ಹೇಳು, ಈ ಪತ್ರ ತೆಗೆ, ಅದನ್ನು ಅಲ್ಲಿಡು. ಮುಗಿದ ಮೇಲೆ, ಹೇಳಿದ್ದು ಮುಗಿಯಿತು ಎಂದೂ ಬರೆಯಬೇಕು. ಹೀಗೆ ಹೇಳಿ ಕೆಲಸ ಮಾಡಿಸುವುದು ಅವರಿಗೆ ಹಿಡಿಸಿತ್ತು.

ಕೈ ಸೋಲುತ್ತ ಹೋದಂತೆ ಸ್ಕ್ರಿಪ್ಟುಗಳು ಮೂರಾದವು. ಮೂರಕ್ಕೂ ಮನೆಮಂದಿಯ ಹೆಸರಿಟ್ಟರು. ಬಂದ ಕರಡುಗಳನ್ನೆಲ್ಲ ಎತ್ತಿ ಆಯಾ ಕಂಪನಿಯ ಫೋಲ್ಡರಿನಲ್ಲಿ ಜೋಡಿಸಿಡುವವಳು ಅಕ್ಕ. ‘ಬಂದು ತಲುಪಿದೆ, ನೋಡುತ್ತೇನೆ’ ಎಂದು ಎಲ್ಲರಿಗೂ ನಯವಾಗಿ ಉತ್ತರಿಸಿ ಮತ್ತೇನನ್ನೂ ಮಾಡದವನು ಭಾವ. ಮೂರನೆಯವಳು ಅಜ್ಜಿ. ಪತ್ರ ಕಳಿಸುವ ಕೀಗಳನ್ನು, ಕಮಾಂಡ್ ಮತ್ತು ರಿಟರ್ನ್ ಎರಡನ್ನೂ ಒಟ್ಟಿಗೆ, ಒತ್ತಿದರೆ ಪತ್ರ ನೇರ ಹೋಗದೆ ಅಜ್ಜಿಯ ಹತ್ತಿರ ಬರುವಂತೆ ಮಾಡಿಟ್ಟಿದ್ದರು. ಬೆರಳು ನಡುಗಿ ಎರಡೆರಡು ಸಲ ಬಿದ್ದ ಅಕ್ಷರಗಳನ್ನು ಆಕೆ ಹೆಕ್ಕಿ ತೆಗೆಯುತ್ತಿದ್ದಳು. ಪತ್ರವನ್ನು ಸ್ವಲ್ಪ ಹೊತ್ತು ತಡೆದು, ಪೂರ್ತಿ ಆಯಿತೇ ಎಂದು ಕೇಳಿ, ಆಮೇಲಷ್ಟೇ ಬಿಡುತ್ತಿದ್ದಳು. ಹೊಸಿಲಲ್ಲಿ ಕೂತು, ಹೊರಟವರನ್ನೆಲ್ಲ ನಿಲ್ಲಿಸಿ ಏನು ಮರೆತಿದ್ದೀಯ ಎಂದು ವಿಚಾರಿಸುವ ಅಜ್ಜಿಯರ ಹಾಗೆ.

ಈ ಸಂಸಾರದ ಕಥೆ ಕೇಳಿ ಹೆಂಡತಿ ನಕ್ಕಿದ್ದಳು.

“ಅಂತೂ ನೀವು ಹೇಳಿದ ಮಾತು ಕೇಳೋ ಅಕ್ಕ ಒಬ್ಬಳು ಸಿಕ್ಕಿದ್ಲಲ್ಲ. ಒಡಹುಟ್ಟಿದವಳಂತೂ ಕೇಳ್ಲಿಲ್ಲ.”

ಪ್ರೂಫಣ್ಣ ಹೆದರುತ್ತಿದ್ದುದು ಒಂದು ಕುರ್ಚಿಗೆ. ಮುದ್ರಣಾಲಯದಲ್ಲಿ ಕಟಿಂಗ್ ಯಂತ್ರ ನಡೆಸುತ್ತಿದ್ದ, ಎಲ್ಲರೂ ಮಾಮ ಎನ್ನುತ್ತಿದ್ದವರ ಕಿವಿ ಮಂದವಾದಾಗ ಅವರನ್ನು ಯಾರೂ ಕೆಲಸದಿಂದ ತೆಗೆಯಲಿಲ್ಲ. ಗೇಟಿನ ಪಕ್ಕ, ಫ್ಯಾನಿನ ಕೆಳಗೆ, ದಿಂಬಿಟ್ಟ ಕುರ್ಚಿಯಲ್ಲಿ ಕೂರಿಸಿದರು. ಚಹಾ ಮೊದಲು ಅವರಿಗೇ ಬರುತ್ತಿತ್ತು. ಒಳಗೆ ಹೋಗುವವರೆಲ್ಲ ಮಾತಾಡಿಸುತ್ತಿದ್ದರು. ಕಾಗದದ ಕಟ್ಟು ಹೊತ್ತು ಯಾರೇ ಬಂದರೂ ಮಾಮ ಕೈ ಕೊಡಲು ಅರ್ಧ ಎದ್ದು ನಿಲ್ಲುತ್ತಿದ್ದರು. ಯಾರೂ ಕೈ ಕೊಡಿ ಎನ್ನುತ್ತಿರಲಿಲ್ಲ. ಒಂದು ದಿನ ಅವರು ಬರಲಿಲ್ಲ, ಆಮೇಲೂ ಬರಲಿಲ್ಲ. ಕುರ್ಚಿ ಮಾತ್ರ ದಿಂಬಿನ ಸಮೇತ ಅಲ್ಲೇ ಇದೆ.

ಮುದ್ರಣಾಲಯವನ್ನು ಈಗ ನಡೆಸುವವಳು ಯಜಮಾನರ ಮಗಳು. ಚಿಕ್ಕವಳಿದ್ದಾಗ ಪ್ರೂಫಣ್ಣನ ಮೇಜಿನ ಕೆಳಗೆ ಕೂತು ಹಾಳಾದ ಲೇಬಲ್‌ಗಳನ್ನು ಗೊಂಬೆಗೆ ಅಂಟಿಸುತ್ತಿದ್ದಳು. ಈಗಲೂ ಅವರನ್ನು ಚಿಕ್ಕಪ್ಪ ಎಂದೇ ಕರೆಯುತ್ತಾಳೆ. ಅವರು ನಾಲ್ಕು ಜನರ ಎದುರು ಮೇಡಂ ಎನ್ನುತ್ತಾರೆ, ಯಾರೂ ಇಲ್ಲದಾಗ ಪುಟ್ಟಿ. ಒಂದು ಸೋಮವಾರ ಅವರು ಬರುವಷ್ಟರಲ್ಲಿ ಮೇಜಿನ ಮೇಲೆ ಹೊಸ ಕಂಪ್ಯೂಟರ್ ಇತ್ತು. ಎಲ್ಲರೂ ಸುತ್ತ ನಿಂತು ಚಪ್ಪಾಳೆ ತಟ್ಟಿದರು.

“ಇನ್ಮೇಲೆ ಎಲ್ಲರಿಗೂ ಹೊಸದೇ. ಮೊದಲನೇದು ನಮ್ಮ ಚಿಕ್ಕಪ್ಪಂಗೆ,” ಎಂದಳು. ಅವಳ ಕಣ್ಣು ತುಂಬಿತ್ತು. ಪ್ರೂಫಣ್ಣನೂ ನಕ್ಕರು, ಬಲಗೈಯನ್ನು ಜೇಬಿನಲ್ಲಿ ಹುದುಗಿಸಿಕೊಂಡು.

ಹಳೆಯ ಪತ್ರಗಳೆಲ್ಲ ಹೊಸದರಲ್ಲಿ ಬಂದಿದ್ದವು. ಮೇಲಂಚಿನ ಸುರುಳಿ ಬಂದಿರಲಿಲ್ಲ. ಅಕ್ಕ, ಭಾವ, ಅಜ್ಜಿ ಮೂವರೂ ಒಂದು ಫೋಲ್ಡರಿನಲ್ಲಿ ಹಾಗೇ ಇದ್ದರು. ಒತ್ತಿದರೆ ಏಳುತ್ತಿರಲಿಲ್ಲ. ಕಂಪ್ಯೂಟರ್ ಜೋಡಿಸಲು ಬಂದವನನ್ನು ಬದಿಗೆ ಕರೆದು ಕೇಳಿದರು. ಹೊಸ ಮೇಲ್ ಪ್ರೋಗ್ರಾಮಿನಲ್ಲಿ ಆ ಸೌಲಭ್ಯವೇ ಇಲ್ಲ, ಹಳೆಯ ಯಂತ್ರವನ್ನು ಹೊಸದರ ಬದಲಿಗೆ ಅಂಗಡಿಗೆ ಕೊಟ್ಟಾಯಿತು ಎಂದು ಅವನು ವಿವರಿಸಿದ. ಅವರ ಮುಖ ನೋಡಿ ಏನನ್ನಿಸಿತೋ, ದನಿ ತಗ್ಗಿಸಿದ.

“ನಿಮಗೊಬ್ಬರಿಗೆ ಹಳೇ ಪ್ರೋಗ್ರಾಮೇ ಹಾಕ್ಕೊಡಬಹುದು ಸಾರ್. ಮೇಡಂ ಒಂದು ಮಾತು ಹೂಂ ಅನ್ನಬೇಕು. ಯಾಕೆ ಬೇಕು ಅಂತ ಕೇಳ್ತಾರೆ, ನೀವು ಹೇಳಿದ್ರಾಯ್ತು.”

ನೋಡೋಣ ಎಂದರು ಪ್ರೂಫಣ್ಣ, ತಮ್ಮ ಭಾವನ ಹಾಗೆಯೇ.

ಮನೆಯಲ್ಲಿ ಹೆಂಡತಿಯ ಹತ್ತಿರ ಇದನ್ನು ಹೇಳಿದಾಗ ಆಕೆ ಗುಂಡಿ ಬಿಚ್ಚುತ್ತಿದ್ದಳು.

“ಅವಳು ನಮ್ಮ ಮಡಿಲಲ್ಲಿ ಆಡಿದ ಮಗು. ಅವಳಿಗೆ ಹೇಳೋಕೆ ಏನಂತೆ?”

“ಅದಕ್ಕೇ ಹೇಳಕ್ಕಾಗಲ್ಲ. ಬೇರೆಯವರಾದ್ರೆ ಬೈದು ಸುಮ್ಮನಾಗ್ತಾರೆ. ಇವಳು ದಿಂಬು ತಂದಿಡ್ತಾಳೆ.”

ಆಕೆ ಅಂಗಿಯನ್ನು ಮೊಳೆಗೆ ನೇತುಹಾಕಿ, ಅದರ ತೋಳನ್ನು ಸುಮ್ಮನೆ ನೀವುತ್ತ ನಿಂತಳು.

ಆ ವಾರವೆಲ್ಲ ಅವರು ಎಡಗೈಯಿಂದ ಬಲಗೈ ಹಿಡಿದುಕೊಂಡು, ಒಂದೊಂದೇ ಅಕ್ಷರ ಒತ್ತಿದರು. ಮಧ್ಯಾಹ್ನದ ಊಟಕ್ಕೆ ಏಳಲಿಲ್ಲ. ಬರೆಯುತ್ತಿದ್ದ ಪತ್ರ ಎಷ್ಟೋ ಸಲ ಪರದೆಯಿಂದ ಮಾಯವಾಗುತ್ತಿತ್ತು. ಬೆರಳು ಎಲ್ಲಿ ಬಿತ್ತೋ ಎಂದುಕೊಂಡು ಮತ್ತೆ ಮೊದಲಿನಿಂದ ಬರೆಯುತ್ತಿದ್ದರು. ಪಕ್ಕದ ಮೇಜಿನವರು, ಹೊಸ ಯಂತ್ರ ಬಂದ ಮೇಲೆ ಪ್ರೂಫಣ್ಣನಿಗೆ ನಮ್ಮ ನೆನಪೇ ಇಲ್ಲ ಎಂದು ತಮಾಷೆ ಮಾಡಿದರು.

ಶುಕ್ರವಾರ ಒಂದು ಕರಡು ಬಂತು. ಮಕ್ಕಳ ಕೆಮ್ಮಿನ ಔಷಧದ್ದು. ಕೊಡಬೇಕಾದ ಅಳತೆ ಎರಡೂವರೆ ಮಿಲಿ. ಕರಡಿನಲ್ಲಿ ಎರಡಕ್ಕೂ ಐದಕ್ಕೂ ನಡುವಿನ ಚುಕ್ಕಿ ಬಿಟ್ಟುಹೋಗಿ ಇಪ್ಪತ್ತೈದು ಎಂದಾಗಿತ್ತು. ಕರಡು ತೆರೆದ ಕೂಡಲೇ ಅದು ಅವರ ಕಣ್ಣಿಗೆ ಬಿತ್ತು. ಉತ್ತರ ಶುರುಮಾಡಿದರು. ‘ಎಲ್ಲ ಸರಿ ಇದೆ’ ಎಂದು ಬರೆದು, ಕೆಳಗಿನ ಸಾಲಿಗೆ ಇಳಿಯಲು ರಿಟರ್ನ್ ಒತ್ತಿದರು. ಆ ಗಳಿಗೆಯಲ್ಲಿ ಹೆಬ್ಬೆರಳು ನಡುಗಿ ಪಕ್ಕದ ಕಮಾಂಡ್ ಕೀ ಮೇಲೆ ಬಿತ್ತು. ಪತ್ರ ಪರದೆಯಿಂದ ಹೋಯಿತು. ಮತ್ತೆ ಮಾಯವಾಯಿತು ಎಂದುಕೊಂಡರು. ನಿಟ್ಟುಸಿರು ಬಿಟ್ಟು, ಬೆವರು ಒರೆಸಿಕೊಂಡು, ಮೊದಲಿನಿಂದ ಬರೆದರು. ಎಲ್ಲ ಸರಿ ಇದೆ, ಆದರೆ ಅಳತೆಯಲ್ಲಿ ಚುಕ್ಕಿ ಇಲ್ಲ, ದಯವಿಟ್ಟು ಯಂತ್ರ ಓಡಿಸಬೇಡಿ. ಅಷ್ಟು ಬರೆಯಲು ಅವರಿಗೆ ಬಹಳ ಹೊತ್ತು ಹಿಡಿಯಿತು.

ಅಷ್ಟರಲ್ಲಿ ಕೆಳಗೆ ಅಚ್ಚಿನ ಯಂತ್ರ ಓಡುತ್ತಿತ್ತು. ಕಾಲಡಿಯ ನೆಲದಿಂದ ಅವರಿಗೆ ಅದು ತಿಳಿಯುತ್ತಲೂ ಇತ್ತು. ಬೇರೆ ಯಾವುದೋ ಕೆಲಸವಿರಬೇಕು ಎಂದುಕೊಂಡಿದ್ದರು.

ಯಾರೂ ಬೈಯಲಿಲ್ಲ. ಒಂದು ಲೇಬಲ್ಲೂ ಹೊರಗೆ ಹೋಗಿರಲಿಲ್ಲ, ಲೇಬಲ್ ಕಾಗದದ ಸುರುಳಿಗಳು ಹಾಳಾದವು ಅಷ್ಟೇ. ಯಂತ್ರದ ಕೋಣೆಯವರು ತಮಗೆ ಬಂದ ಎರಡೂ ಪತ್ರಗಳನ್ನು, ಬರೀ ‘ಎಲ್ಲ ಸರಿ ಇದೆ’ ಎಂದಿದ್ದದ್ದನ್ನೂ ಆಮೇಲಿನದನ್ನೂ, ಮೇಡಂಗೆ ತೋರಿಸಿದರು. ನೋಡಿದವರೆಲ್ಲರೂ ಒಂದೇ ಅರ್ಥ ಮಾಡಿಕೊಂಡರು. ಪ್ರೂಫಣ್ಣ ಮೊದಲು ತಪ್ಪನ್ನು ನೋಡಲಿಲ್ಲ, ಅರ್ಧ ಗಂಟೆಯ ಮೇಲೆ ಕಂಡಿತು, ಪಾಪ.

ಸಂಜೆ ಅವಳು ಅವರನ್ನು ತನ್ನ ಕೋಣೆಗೆ ಕರೆದಳು. ಬಾಗಿಲು ಮುಚ್ಚಿ, ತಾನೇ ಕುರ್ಚಿ ಎಳೆದುಕೊಟ್ಟಳು. ಅವರು ಕೂರಲಿಲ್ಲ.

“ಚಿಕ್ಕಪ್ಪ, ಕಣ್ಣು ತೋರಿಸ್ಕೊಂಡು ಎಷ್ಟು ದಿನ ಆಯ್ತು?”

“ಕಣ್ಣಿಗೇನಾಗಿಲ್ಲಮ್ಮ.”

“ನಾನೇನು ತಪ್ಪು ಅಂತ ಹೇಳ್ತಿಲ್ಲ. ವಯಸ್ಸಾದ್ಮೇಲೆ ಯಾರಿಗಾದ್ರೂ ಆಗುತ್ತೆ. ಹೊಸಬರು ಒಬ್ಬರು ಓದಲಿ, ನೀವು ಪಕ್ಕದಲ್ಲಿ ಇರಿ. ನೀವು ದಿನಾ ಬಂದು ಕೂತಿದ್ರೆ ನನಗೆ ಅದೇ ಸಾಕು.”

ಅವಳ ಮೇಜಿನ ಮೇಲೆ ಬೇರೆ ಯಾವುದೋ ಲೇಬಲ್ ತಲೆಕೆಳಗಾಗಿ ಬಿದ್ದಿತ್ತು. ಅದರ ಮೂರನೆಯ ಸಾಲಿನಲ್ಲಿ ಒಂದು ಒತ್ತಕ್ಷರ ಇಲ್ಲದಿರುವುದು ಪ್ರೂಫಣ್ಣನಿಗೆ ಬಾಗಿಲ ಬಳಿಯಿಂದಲೇ ಕಾಣುತ್ತಿತ್ತು. ತಪ್ಪಿದ್ದು ಕೈ ಎಂದುಬಿಟ್ಟರೆ ಕಣ್ಣಿನ ಮೇಲಿನ ನಂಬಿಕೆ ಉಳಿಯುತ್ತದೆ. ಕೈ ಎಂದುಬಿಟ್ಟರೂ ಗೇಟಿನ ಪಕ್ಕದ ಆ ಕುರ್ಚಿ ಅಲ್ಲೇ ಇರುತ್ತದೆ. ಅವಳು ಕಾಯುತ್ತಿದ್ದಳು, ಗೊಂಬೆಗೆ ಲೇಬಲ್ ಅಂಟಿಸಿ ಹೇಗಿದೆ ಎಂದು ಕೇಳುತ್ತಿದ್ದಾಗಿನ ಅದೇ ಮುಖದಲ್ಲಿ. ಜೇಬಿನೊಳಗೆ ಬೆರಳುಗಳು ಬಟ್ಟೆಗೆ ಬಡಿಯುತ್ತಲೇ ಇದ್ದವು.

“ಹೇಳಿ ಚಿಕ್ಕಪ್ಪ,” ಎಂದಳು.

“ಎಲ್ಲ ಸರಿ ಇದೆ ಪುಟ್ಟಿ,” ಎಂದು ಅವರು ಎಡಗೈಯಿಂದ ಬಾಗಿಲು ತೆರೆದರು. “ಆದರೆ…” ಎನ್ನುತ್ತ, ಪೂರ್ತಿ ಆಯಿತೇ ಎಂದು ತಡೆದು ಕೇಳುವ ಅಜ್ಜಿಯಿಲ್ಲದ ಹೊಸಿಲು ದಾಟಿ, ಮೆಟ್ಟಿಲಿಳಿದು, ದಿಂಬಿನ ಕುರ್ಚಿಯ ಪಕ್ಕದಿಂದ ಗೇಟಿನ ಕಡೆ ನಡೆದುಬಿಟ್ಟರು.